ಒಂದೇ ಜಾಗದಲ್ಲಿ ಇಡಿ

ನಾಲ್ಕನೇ ತರಗತಿಯ ವಿಜ್ಞಾನದ ಹಾಳೆ, ನಾನೇ ಬರೆದದ್ದು.
ಒಂದು ಲೋಟ, ಒದ್ದೆ ಹತ್ತಿ, ಒಂದು ಬೀನ್ಸ್ ಬೀಜ,
ಹದಿನಾಲ್ಕು ದಿನ.
ಮೊದಲ ಸೂಚನೆಯ ಕೆಳಗೆ ಗೆರೆ ಎಳೆದಿದ್ದೆ:
ಮನೆಯ ಕಿಟಕಿಯ ಹತ್ತಿರ, ಒಂದೇ ಜಾಗದಲ್ಲಿ ಇಡಿ.

ಇಪ್ಪತ್ತಾರು ಹಾಳೆ ವಾಪಸು ಬಂದವು.
ಇಪ್ಪತ್ತೈದರಲ್ಲಿ ‘ಎಲ್ಲಿಟ್ಟೆ?’ ಎಂಬ ಕಾಲಮ್ಮಿಗೆ
ಮೊದಲ ದಿನ ಅಡುಗೆಮನೆ, ಆಮೇಲೆ
ಅಲ್ಲೇ, ಅಲ್ಲೇ, ಅಲ್ಲೇ,
ಬೇಸರ ಬಂದವರು ಬರೀ ಚುಕ್ಕಿ.

ಸೈವ್ ಟಿಯರ್ನಿ ಬರೆದದ್ದು ಹೀಗೆ:

ದಿನ ೧. ವಿಮಾನ ನಿಲ್ದಾಣದ ಪಕ್ಕದ ಹೋಟೆಲು, ರೂಮು ೨೧೪.
ಕಿಟಕಿ ಇದೆ, ತೆರೆಯೋಕೆ ಬರಲ್ಲ. ಎತ್ತರ ಸೊನ್ನೆ.
ದಿನ ೩. ಅಲ್ಲೇ. ಬೀಜ ಬಾಯಿ ಬಿಟ್ಟಿದೆ.
ತಮ್ಮ ಫೀಕ್ರನಿಗೆ ತೋರಿಸಿದೆ, ಅವನೂ ಬಿಟ್ಟ.
ದಿನ ೪. ಅಲ್ಲಿಲ್ಲ. ಯಾರದೋ ಮದುವೆಯಂತೆ, ರೂಮು ಬೇಕಂತೆ.
ಅಮ್ಮ ಮೂರು ಕಪ್ಪು ಚೀಲ ಹೊತ್ತಳು, ನಾನು ಲೋಟ.
ಎರಡೂವರೆ ಸೆಂಟಿಮೀಟರು ಇರಬಹುದು.
ಬಸ್ಸು ಕುಲುಕುತ್ತಿತ್ತು.
ದಿನ ೫, ೬. ಟಾಲಾದ ಚಿಕ್ಕಮ್ಮನ ಮನೆ, ಸೋಫಾದ ಹಿಂದೆ.
ದಿನ ೭. ಬೇರೆ ಹೋಟೆಲು. ಕಿಟಕಿಯಾಚೆ ಗೋಡೆ.
ಬಚ್ಚಲುಮನೆಯ ದೀಪದ ಕೆಳಗಿಟ್ಟಿದ್ದೇನೆ.
ಫೀಕ್ರ ಮಲಗಿದ ಮೇಲೆ ನಾನು ಓದೋದೂ ಅಲ್ಲೇ,
ಖಾಲಿ ಟಬ್ಬಿನಲ್ಲಿ ದಿಂಬು ಹಾಕಿಕೊಂಡು.
ಇಬ್ಬರಿಗೂ ಸಾಲುವಷ್ಟು ಬೆಳಕಿದೆ.

ಹತ್ತನೇ ದಿನ ಖಾಲಿ.
ಆ ದಿನ ನನಗೆ ನೆನಪಿದೆ.
ಎರಡು ಬಸ್ಸು, ಒಂದು ಟ್ರಾಮು, ಡಬ್ಲಿನ್ನಿನ ಈ ತುದಿಯಿಂದ ಆ ತುದಿ.
ಹತ್ತೂವರೆಗೆ ಬಂದವಳು ಭಿನ್ನರಾಶಿಯ ಮೇಲೆ
ಕೆನ್ನೆಯಿಟ್ಟು ನಿದ್ದೆಹೋದಳು.
ಹಾಜರಿಯಲ್ಲಿ ‘ತಡ’ ಎಂದು ಬರೆದೆ,
ಪಕ್ಕದಲ್ಲಿ ‘ಗಮನ ಸಾಲದು’.
ಕೆಂಪಲ್ಲಲ್ಲ, ನೀಲಿಯಲ್ಲೇ ಬರೆದೆ. ಅಷ್ಟೇ ನನ್ನ ದಯೆ.

ಹೋದ ವರ್ಷ ಓದುವುದರಲ್ಲಿ ಎಲ್ಲರಿಗಿಂತ ಮುಂದೆ,
ಈಗ ಕಿಟಕಿ ಪಕ್ಕದ ಮೂರನೇ ಗುಂಪು.
ಮಗ್ಗಿ ಏಳಕ್ಕೇ ನಿಂತಿದೆ,
ಎಂಟು ಹೇಳಿಕೊಟ್ಟ ವಾರ ಎಲ್ಲಿದ್ದಳೋ.
ಗೆಳತಿಯರ ಹುಟ್ಟುಹಬ್ಬಕ್ಕೂ ಹೋಗುವುದಿಲ್ಲ.
ಹೋದರೆ, ತಿರುಗಿ ಕರೆಯಬೇಕಲ್ಲ.

ಮಂಗಳವಾರ ಗಿಡಗಳು ಶಾಲೆಗೆ ಬಂದವು.
ಬೆಂಚಿನ ಮೇಲೆ ಪ್ರಾರ್ಥನೆಗೆ ನಿಂತ ಹಾಗೆ ನೆಟ್ಟಗೆ.
ಸೈವಳದು ಹೋಟೆಲಿನ ಕಾಗದದ ಲೋಟದಲ್ಲಿ
ಎಡಕ್ಕೆ ವಾಲಿ, ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ.
‘ಇದ್ಯಾಕೆ ಇಷ್ಟು ಡೊಂಕು?’ ಯಾರೋ ಕಿಸಕ್ಕೆಂದರು.

ಅವಳು ಪೆನ್ಸಿಲಿನ ತುದಿಯಿಂದ
ಒಂದೊಂದೇ ತಿರುವು ಮುಟ್ಟಿದಳು.
‘ಇದು ಏರ್‌ಪೋರ್ಟು. ಇದು ಚಿಕ್ಕಮ್ಮ. ಇದು ಬಚ್ಚಲ ದೀಪ.
ಪ್ರತಿ ಸಲ ಬೆಳಕು ಯಾವ ಕಡೆ ಅಂತ
ಮೊದಲಿಂದ ಹುಡುಕಬೇಕಿತ್ತು ಅದಕ್ಕೆ.’
ನಾನು ಸ್ಕೇಲು ಹಿಡಿದಾಗ ತಡೆದಳು:
‘ಅದು ಬೇಡ ಮಿಸ್, ದಾರ ಕೊಡಿ.’

ಕೊಟ್ಟೆ. ಬಳುಕಿದಲ್ಲೆಲ್ಲ ಬಳುಕಿಸಿ ಅಳೆದಳು.
ಸ್ಕೇಲಿನಲ್ಲಿ ಒಂಬತ್ತು ಇದ್ದದ್ದು ದಾರದಲ್ಲಿ ಹದಿನಾಲ್ಕಾಯಿತು.
ಮಿಕ್ಕವರದು ಹದಿನೆಂಟು.
ಎರಡೂ ಅಂಕಿಯನ್ನು ತಾನೇ ಬರೆದಳು,
ಯಾವುದನ್ನೂ ಅಳಿಸಲಿಲ್ಲ.

ರಾತ್ರಿ ಅಂಕ ಹಾಕುತ್ತ ಕೂತಿದ್ದೇನೆ.
ಬೀಜ ಮೊಳೆತದ್ದಕ್ಕೆ ಮೂರು. ದಾಖಲೆಗೆ ಐದು.
ಒಂದೇ ಜಾಗದಲ್ಲಿ ಇಟ್ಟಿದ್ದಕ್ಕೆ ಎರಡು.
ಆ ಚೌಕದ ಮೇಲೆ ಪೆನ್ನು ನಿಂತುಬಿಟ್ಟಿದೆ.

ಹನ್ನೊಂದು ವರ್ಷದಿಂದ ನಾನು ಕೂರುವ ಕುರ್ಚಿ ಇದು.
ಬೆನ್ನಿಗೆ ಕಿಟಕಿ, ತಲೆಯ ಮೇಲೆ ದೀಪ,
ಕಣ್ಣು ಮುಚ್ಚಿ ಕೈಚಾಚಿದರೂ ಸಿಗುವ ಸ್ವಿಚ್ಚು,
ಅಲ್ಲೇ.