ವ್ಯಕ್ತಿ ಹದಿನೇಳು

ಕಿಸುಮುವಿನಲ್ಲಿ, ಮೊಳೆ ಬಣ್ಣ ಮಾರುವ ಅಂಗಡಿಯ ಮೇಲೆ
ನಮ್ಮ ಕೋಣೆ. ಇಪ್ಪತ್ತಾರು ಪರದೆ, ಎರಡು ಫ್ಯಾನು.
ಕಿಟಕಿ ತೆರೆದರೆ ಸರೋವರದ ಮೀನು ವಾಸನೆ,
ಮುಚ್ಚಿದರೆ ಟರ್ಪೆಂಟೈನು.

ಎಲ್ಲಿಯದೋ ಬೀದಿಯ ವಿಡಿಯೊ ಬರುತ್ತದೆ.
ಅಲುಗುವ ಪ್ರತಿಯೊಂದಕ್ಕೂ ಚೌಕ ಕಟ್ಟಬೇಕು, ಚೌಕಕ್ಕೊಂದು ಸಂಖ್ಯೆ.
ಸೆಕೆಂಡಿಗೆ ಮೂವತ್ತು ಚಿತ್ರ. ಮೂವತ್ತರಲ್ಲೂ ಅದೇ ಚೌಕ
ಅದೇ ಸಂಖ್ಯೆ ಹೊತ್ತು ಕೂದಲೆಳೆಯಷ್ಟು ಸರಿಯಬೇಕು.
ನಮ್ಮನ್ನು ನೋಡಿ ಯಂತ್ರ ಕಲಿಯುತ್ತದಂತೆ,
ಒಬ್ಬರ ಬೆನ್ನು ಹತ್ತುವುದನ್ನು.

ಅಪೊಂಡಿಯ ಪಾಲಿಗೆ ಬಂದದ್ದು ಹಿಮದ ಬೀದಿ.
ಊರಿನ ಹೆಸರು ನಮಗೆ ಹೇಳುವುದಿಲ್ಲ,
ಮುಖಗಳನ್ನು ಮೊದಲೇ ಒರೆಸಿರುತ್ತಾರೆ.
ಕಾರು ಒಂದರಿಂದ ಎಂಟು. ನಾಯಿ ಹನ್ನೆರಡು.
ವ್ಯಕ್ತಿ ಹದಿನೇಳು: ಕಂದು ಕೋಟು, ಬಲೆಯ ಚೀಲ,
ಚೀಲದಲ್ಲಿ ಎರಡು ಕೇಸರಿ ಚುಕ್ಕೆ. ಕಿತ್ತಳೆಯೇ ಇರಬೇಕು.
ಗಂಡೋ ಹೆಣ್ಣೋ, ನಿಯಮಕ್ಕೆ ಬೇಕಿಲ್ಲ.
ಅಪೊಂಡಿ ಮಾತ್ರ ಮೊದಲ ದಿನದಿಂದಲೂ
ಅಜ್ಜ ಎಂದೇ ಕರೆದಳು.

ತಪ್ಪು ಹಿಡಿಯುವುದು ನನ್ನ ಕೆಲಸ.
ಗುರುವಾರ ಅವಳ ಚೌಕಗಳನ್ನು ಓಡಿಸಿ ನೋಡಿದೆ.
ಅಜ್ಜ ಬಲಗಾಲು ಊರಿದಾಗೆಲ್ಲ ಚೌಕವೂ
ಎರಡು ಪಿಕ್ಸೆಲ್ ಕುಸಿದು ಏಳುತ್ತಿತ್ತು.
ಅಷ್ಟು ಸೂಕ್ಷ್ಮಕ್ಕೆ ಇಲ್ಲಿ ಯಾರೂ ಕಾಸು ಕೊಡುವುದಿಲ್ಲ.

ಆಮೇಲೆ ಬಸ್ಸು. ಸಂಖ್ಯೆ ಇಪ್ಪತ್ತೊಂದು.
ಆಚೆ ಬದಿಯ ಕಾಲುದಾರಿಗೆ ಅಂಟಿ ನಿಂತಿತು.
ಅಜ್ಜ ಅದರ ಹಿಂದೆ ಮರೆಯಾದ.
ಮರೆಯಾದವರನ್ನು ಅಂದಾಜಿನಲ್ಲಿ ನಡೆಸಬೇಕು, ಇದು ನಿಯಮ.
ಅವಳು ನಡೆಸಿದಳು, ಕಬ್ಬಿಣದ ಆಚೆ, ಅದೇ ಕುಂಟಿನಲ್ಲಿ.
ಬಸ್ಸು ಹೋಯಿತು. ಹಿಂದೆ ಯಾರೂ ಇಲ್ಲ.
ಹಿಮ, ಕಸದ ಡಬ್ಬಿ, ಒಂದು ಕಂಬ.

ಮೂವತ್ತು ಚಿತ್ರ ಕಾದು ಕೈಬಿಡಬೇಕು, ಇದೂ ನಿಯಮ.
ಅವಳು ಬಿಟ್ಟಿಲ್ಲ.
ಖಾಲಿ ಹಿಮದ ಮೇಲೆ ಚೌಕ ನಡೆಯುತ್ತಿದೆ,
ಎರಡು ಪಿಕ್ಸೆಲ್ ಕುಸಿಯುತ್ತ, ಏಳುತ್ತ,
ಕಂಬ ಬಂದಾಗ ಒಂದಿಷ್ಟು ಬಳಸಿ,
ವಿಡಿಯೊ ಮುಗಿಯುವ ತನಕ,
ನಾನೂರ ಹತ್ತು ಚಿತ್ರ.

ಕೆಂಪು ಗುರುತು ಹಾಕಿದೆ. ಕೂಲಿ ಕಡಿತ. ಕರೆದು ಕೇಳಿದೆ.
ಅವಳು ಬೆರಳುಗಳ ಗೆಣ್ಣು ಒತ್ತಿಕೊಳ್ಳುತ್ತಿದ್ದಳು.
"ಮೂರು ದಿನ ಜೊತೆಗೆ ನಡೆದಿದ್ದೇನೆ, ಸಿಮಿಯು.
ನಡುಬೀದಿಯಲ್ಲಿ ಹೇಗೆ ಬಿಡಲಿ?"

ಶುಕ್ರವಾರ ಅದೇ ಬೀದಿ ಬಂತು, ಇನ್ನೊಂದು ಕ್ಯಾಮೆರಾದ ಕಣ್ಣಿನಲ್ಲಿ.
ಬಸ್ಸಿನ ಮೂರನೇ ಕಿಟಕಿ, ಮಂಜು ಹಿಡಿದ ಗಾಜು,
ಗಾಜಿಗೆ ಒತ್ತಿದ ಬಲೆಯ ಚೀಲ.
ಕೇಸರಿ ಚುಕ್ಕೆ, ಎರಡು.
ವಾಹನದ ಒಳಗಿನವರಿಗೆ ಚೌಕ ಇಲ್ಲ.
ಇಡೀ ಹೊತ್ತು ಅಜ್ಜ ಇದ್ದದ್ದು
ಇನ್ಯಾರೋ ಕಟ್ಟಿದ ಇಪ್ಪತ್ತೊಂದರೊಳಗೆ.

ಮಟಾಟು ನಿಲ್ಲುವಲ್ಲಿ ಅವಳಿಗೆ ಹೇಳಿದೆ,
ನಿನ್ನ ಅಜ್ಜ ಬಸ್ಸು ಹತ್ತಿದ ಎಂದು.
ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು:
"ಆ ಕಾಲಿಗೆ? ಅಷ್ಟು ಹೊತ್ತು ಬಸ್ಸು ಕಾದಿತ್ತಾ?"

ಕೂಲಿ ಕಡಿತ ಹಾಗೇ ಉಳಿಯಿತು, ಅದು ನನ್ನ ಕೈಯಲ್ಲಿಲ್ಲ.
ಆದರೆ ಸೋಮವಾರ, ಎಲ್ಲರಿಗಿಂತ ಮೊದಲು ಬಂದು,
ಫ್ಯಾನೂ ಹಾಕದೆ
ಇಪ್ಪತ್ತೊಂದು ಅಲುಗದೆ ನಿಂತ ಚಿತ್ರಗಳನ್ನು ಒಂದೊಂದಾಗಿ ಎಣಿಸಿದೆ.
ಆರುನೂರ ನಲವತ್ತು.
ಕಾದಿತ್ತು.