ಲಾಭ, ಎರಡು, ಮೂರು

ಅಮರಾತಿನ ಬೋಳುಗುಡ್ಡಗಳ ಹಿಂದೆ
ಮಸ್ಕತ್ತಿನ ಕಸ ಬಂದು ಬೀಳುವಲ್ಲಿ ನನ್ನದು ತೂಕದ ಕೆಲಸ.
ಲಾರಿ ಏರುತ್ತದೆ, ಅಂಕಿ ನಡುಗಿ ನಿಲ್ಲುತ್ತದೆ, ಚೀಟಿ ಹರಿಯುತ್ತೇನೆ.
ತುಂಬಿದ್ದರಲ್ಲಿ ಖಾಲಿ ಕಳೆದರೆ ಕಸ.
ಹನ್ನೊಂದು ವರ್ಷದಿಂದ ಇದೇ.

ಅಕ್ಟೋಬರ್ ಕೊನೆಗೆ ರಯ್ಯಾ ಬಂದಳು,
ಮಡಚುವ ಕುರ್ಚಿ, ದುರ್ಬೀನು,
ಹೆಬ್ಬೆರಳಲ್ಲಿ ಒತ್ತಿದರೆ ಟಿಕ್ಕೆನ್ನುವ ಒಂದು ಡಬ್ಬಿ.
ನನ್ನ ಕ್ಯಾಬಿನ್ನಿನ ನೆರಳು ಕೇಳಿದಳು.
ನೆರಳು ಕಂಪನಿಯದು; ಕೊಟ್ಟೆ.

ಹದ್ದು ಎಣಿಸಬೇಕು, ಅಂದಳು.
ಹದ್ದು ಇಲ್ಲಿ ದಿನಾ ಇರ್ತಾವಲ್ಲ, ಅಂದೆ.
ಇರುವುದು ಲೆಕ್ಕಕ್ಕಿಲ್ಲ. ದಾಟುವುದು ಲೆಕ್ಕ.
ಮೊಬೈಲ್ ಟವರಿನ ತುದಿಯಿಂದ ಮುರಿದ ಗುಡ್ಡದ ಮೂಗಿನ ತನಕ
ಬೆರಳಲ್ಲಿ ಬರಿಗಾಳಿಗೆ ಗೆರೆ ಎಳೆದು ತೋರಿಸಿದಳು.
ಈಚೆ ಬಂದರೆ ಕೂಡು.
ತಿರುಗಿ ಹೋದರೆ ಕಳೆ.
ಕಳೆಯುವುದು ನನಗೆ ಗೊತ್ತು.

ಒಂಬತ್ತೂವರೆಗೆ ಕಲ್ಲು ಕಾದಿತ್ತು.
ಕೋಳಿ ಕರುಳಿನ ರಾಶಿಯಿಂದ ಒಂದು ಎದ್ದಿತು, ಆಮೇಲೆ ಹತ್ತು,
ಆಮೇಲೆ ಗುಡ್ಡದಾಚೆಯಿಂದ ಯಾವ ಊರಿನವೋ ಬಂದು ಕೂಡಿಕೊಂಡು
ರೆಕ್ಕೆ ಬಡಿಯದೆ, ಮೇಲಕ್ಕೆ, ಸುಳಿ ಸುತ್ತಿ, ಎಳ್ಳಿನಷ್ಟಾಗಿ.
ಸುಳಿಯ ನೆತ್ತಿಯಿಂದ ಒಂದೊಂದೇ ದಕ್ಷಿಣಕ್ಕೆ ಜಾರಿದವು,
ಸೇರು ಓರೆ ಮಾಡಿದಾಗ ಕಾಳು ಜಾರುವ ಹಾಗೆ.

ನನ್ನ ಬಾಯಿ ತಾನೇ ಅಂದಿತು: ಲಾಭ.
ಎರಡು. ಮೂರು.

ಏನದು ಮೊದಲನೆಯದು? ಕಣ್ಣು ತೆಗೆಯದೆ ಕೇಳಿದಳು.
ಹಂಸಭಾವಿಯ ಸಂತೆಯಲ್ಲಿ ಅವ್ವ ಜೋಳ ಅಳೆಯುತ್ತಿದ್ದಳು.
ಒಂದು ಅನ್ನುತ್ತಿರಲಿಲ್ಲ ಎಂದೂ. ಲಾಭದಿಂದ ಶುರು.
ನಮ್ಮಜ್ಜ ಸಮಾಯಿಲಿನಲ್ಲಿ ಖರ್ಜೂರ ಅಳೆವಾಗ
ಮೊದಲ ಬುಟ್ಟಿಗೆ ಬರಕಾ ಅನ್ನುತ್ತಿದ್ದ, ಅಂದಳು. ಟಿಕ್. ಟಿಕ್ ಟಿಕ್.
ಬರಕತ್ತು ನಮ್ಮಲ್ಲೂ ಉಂಟು, ಅಂದೆ,
ಅಷ್ಟರಲ್ಲಿ ನಾಲ್ಕು ತಪ್ಪಿಹೋದವು.

ಬಖ್ತ್ ರವಾನ್ ಲಾರಿಯನ್ನು ತಕ್ಕಡಿಯ ಮೇಲೇ ಬಿಟ್ಟು ಇಳಿದ,
ಹಣೆಗೆ ಕೈ ಹಿಡಿದು ಮೇಲೆ ನೋಡಿದ.
ಇವು ನಮ್ಮ ಸ್ವಾತದ ಮೇಲಿನಿಂದ ಬಂದವು, ಗುರುತಿದೆ, ಅಂದ.
ಕಜಾಕಸ್ತಾನದ ಹುಲ್ಲುಬಯಲಿನವು, ಅಂದಳು ರಯ್ಯಾ.
ಹೌದು, ನಮ್ಮೂರ ದಾರಿಯಲ್ಲೇ, ಅಂದ.
ಹಿಂದೆ ಏಳು ಲಾರಿ ಹಾರ್ನು ಹೊಡೆಯುತ್ತಿದ್ದವು.
ಆ ದಿನ ಅವಳ ಡಬ್ಬಿಯಲ್ಲಿ ಇನ್ನೂರ ಹನ್ನೆರಡು,
ನನ್ನ ಚೀಟಿಯ ಬೆನ್ನಲ್ಲಿ ಇನ್ನೂರ ಒಂಬತ್ತು,
ಬಖ್ತ್ ರವಾನನ ಬಾಯಲ್ಲಿ ಮುನ್ನೂರು.

ಕಲಿತೆ. ಆರು ಬೆರಳು ಬಿಚ್ಚಿದ ರೆಕ್ಕೆ, ಅಡಿಯಲ್ಲಿ ಬಿಳಿ ಪಟ್ಟಿ: ಈ ವರ್ಷದ ಮರಿ.
ಬೆಣೆಯಂಥ ಬಾಲ, ಹಳದಿ ಮೋರೆ: ಬಿಳಿ ರಣಹದ್ದು.
ರೆಕ್ಕೆ ಮೇಲಕ್ಕೆತ್ತಿ ತೂರಾಡುತ್ತ ಒಂಟಿಯಾಗಿ ಹೋಗುವುದು ಸೆಳೆವ.
ತೀರಾ ದೂರದ್ದಕ್ಕೆ ಅವಳ ಪುಸ್ತಕದಲ್ಲಿ ಒಂದು ಮನೆಯಿತ್ತು:
ಯಾವುದೋ, ಆದರೆ ಹೋಯಿತು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ವಿದ್ಯುತ್ ಕಂಬದ ಬುಡದಲ್ಲಿ
ಕಾಲು ಮಡಚಿಕೊಂಡು ಬಿದ್ದಿತ್ತು.
ಎರಡೂ ಕೈಯಲ್ಲಿ ತಂದೆ. ಬಿಸಿ ಆರಿರಲಿಲ್ಲವೋ, ಬಿಸಿಲಿನದೋ.
ತೂಕ ಬೇಕು ಅಂದಳು.
ಅರವತ್ತು ಟನ್ನಿನ ತಕ್ಕಡಿಯ ನಡುಮಧ್ಯೆ ಮಲಗಿಸಿದೆ.
ಅಂಕಿ ಅಲುಗಲಿಲ್ಲ.
ಇಪ್ಪತ್ತು ಕಿಲೋದ ಕೆಳಗೆ ನನ್ನ ತಕ್ಕಡಿಗೆ ಏನೂ ಇಲ್ಲ.

ಕಂಬ ಗೆರೆಯಿಂದ ಈಚೆಗಿತ್ತು, ಹತ್ತು ಮಾರು.
ನಿನ್ನೆಯ ಲೆಕ್ಕದಲ್ಲಿ ಬಂದಿರಬೇಕು.
ಕಳೆಯೋಣವಾ? ಕೇಳಿದೆ.
ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು.
ತಿರುಗಿ ಹೋಗಿಲ್ಲವಲ್ಲ, ಅಂದಳು.

ಡಿಸೆಂಬರಿನ ಕೊನೆಯ ಗುರುವಾರ ಆಕಾಶ ತೊಳೆದಿಟ್ಟ ಕೊಳಗ.
ನಾಲ್ಕರ ತನಕ ಕೂತಳು, ಡಬ್ಬಿ ಒತ್ತಲಿಲ್ಲ.
ಸೊನ್ನೆಯನ್ನೂ ಬರೆಯಬೇಕು, ಅದೂ ಎಣಿಕೆಯೇ ಅಂತ ಬರೆದಳು.

ಅಕ್ಕಿ ತೀರಿದ ದಿನ ಅವ್ವ ತೀರಿತು ಅನ್ನುತ್ತಿರಲಿಲ್ಲ.
ಡಬ್ಬಿಯ ತಳ ಕೆರೆದು, ಅಕ್ಕಿ ಹೆಚ್ಚೈತಿ, ಅನ್ನುತ್ತಿದ್ದಳು,
ನಾವು ಉದ್ರಿ ತರಲು ಹೊರಡುತ್ತಿದ್ದೆವು.
ಅದನ್ನು ಅರಬ್ಬಿಯಲ್ಲಿ ಹೇಳಹೋಗಿ ಸಿಕ್ಕಿಬಿದ್ದೆ.
ಇಲ್ಲದ್ದಕ್ಕೆ ಹೆಚ್ಚು ಅಂತಾರಾ? ಅಂದಳು.
ಮೇಲೆ ನೋಡಿದಳು ಇನ್ನೊಂದು ಸಲ.

ಕುರ್ಚಿ ಮಡಚಿ ಹೋದ ಮೇಲೆ ಬಖ್ತ್ ರವಾನ್ ಬಂದ.
ಎಷ್ಟು ಇವತ್ತು?
ಹೆಚ್ಚಿದವು, ಅಂದೆ ಕನ್ನಡದಲ್ಲೇ.
ತಲೆಯಾಡಿಸಿ ಲಾರಿ ಏರಿಸಿದ.