ಅಳತೆ ಪುಸ್ತಕ

ಸಹಕಾರಿ ಬ್ಯಾಂಕಿನವರು ಕೊಟ್ಟ ಡೈರಿ.
ರಟ್ಟಿನ ಮೇಲೆ ಮಲಯಾಳದಲ್ಲಿ ಬ್ಯಾಂಕಿನ ಹೆಸರು,
ಪ್ರತಿ ಪುಟದ ಮೂಲೆಯಲ್ಲಿ ಕೊಲ್ಲವರ್ಷದ ತಾರೀಕು.
ಅದರ ಪ್ರಕಾರ ಇವತ್ತು ಧನು ಹದಿನಾರು.
ನನ್ನ ಪ್ರಕಾರ ಡಿಸೆಂಬರಿನ ಕಡೇ ರಾತ್ರಿ,
ನೀರ್ಚಾಲಿಂದ ಕೊನೆಯ ಬಸ್ಸು ಹೋಗಿ ಆಯಿತು.

ಜನವರಿ ಒಂದಕ್ಕೆ ಬರೆದದ್ದು: ಇನ್ನು ದಿನಾ ಬರೆಯುವುದು.
ಎರಡಕ್ಕೆ: ಕರೆಂಟಿಲ್ಲ.
ಆಮೇಲೆ ಮಾರ್ಚಿನ ತನಕ ಬಿಳಿ.
ಮಾರ್ಚಿನಲ್ಲಿ ಗ್ಯಾಸಿನ ಬುಕ್ಕಿಂಗ್ ನಂಬರು ಒಂದು.
ಅಲ್ಲಿಗೆ ಮುಗಿಯಿತು.

ಅಕ್ಕನ ಮಗಳು ನಮಿತಾ ಹೇಳಿ ಹೋಗಿದ್ದಾಳೆ,
ವರ್ಷದ ಕೊನೆಗೆ ಕೂತು ಬರೀಬೇಕು ಚಿಕ್ಕಮ್ಮ,
ಏನು ಸಿಕ್ಕಿತು, ಏನು ಹೋಯಿತು, ಯಾರು ನೆನಪಾಗುತ್ತಾರೆ.
ಮೂರು ಪ್ರಶ್ನೆ, ಕೆಳಗೆ ಗೆರೆ ಬೇರೆ ಎಳೆದು ಕೊಟ್ಟಿದ್ದಾಳೆ,
ಪರೀಕ್ಷೆಗೆ ಕೂತ ಹಾಗೆ.
ಪೆನ್ನು ಹಿಡಿದರೆ ನನ್ನ ಬೆರಳಿಗೆ ಚಾಕೇ ಬೇಕು.

ಮಿಶನ್ನಿನ ಅಡಿಯಿಂದ ಇನ್ನೊಂದನ್ನು ಎಳೆದೆ,
ಎಣ್ಣೆ ಕುಡಿದ ನೀಲಿ ರಟ್ಟಿನದು.
ಇದರಲ್ಲಿ ಒಂದು ದಿನವೂ ತಪ್ಪಿಲ್ಲ ನಾನು.

ಫೆಬ್ರವರಿ, ಮಿಸ್ರಿಯಾ: ಸೊಂಟ ಮೂವತ್ತೆರಡು.
ಜೂನ್, ಅದೇ ಮಿಸ್ರಿಯಾ: ಮೂವತ್ತೇಳು,
ಬದಿಗೆ ನನ್ನದೇ ಅಕ್ಷರ, ಸಡಿಲ ಬಿಡು, ಸಪ್ಟೆಂಬರ್ ತನಕ ಆಗಬೇಕು.
ಆಗಸ್ಟಿನಲ್ಲಿ ಮೂವತ್ತಮೂರು.
ಮಗುವಿನ ಅಂಗಿಗೆ ಬಟ್ಟೆ ತರಲಿಲ್ಲ.
ನಾನು ಕೇಳಲಿಲ್ಲ.
ಟೇಪು ಮಡಚಿಟ್ಟೆ, ಚಹಾ ಕುಡಿದೆವು, ಸಕ್ಕರೆ ಜಾಸ್ತಿಯಾಯಿತೆಂದಳು.

ಮೇ ತಿಂಗಳು ಪೂರ್ತಿ ಯೂನಿಫಾರ್ಮು.
ಗುಡ್ಡೆಯ ಕನ್ನಡ ಶಾಲೆಯ ಚೌಕುಳಿ ಹದಿನಾಲ್ಕು ಜೊತೆ,
ಹೋದ ವರ್ಷದ ಅಂದಾಜಿಗೆ ತಂದದ್ದು ಇಪ್ಪತ್ತಕ್ಕಾಗುವ ಬಟ್ಟೆ.
ಉಳಿದದ್ದರಲ್ಲಿ ಚೀಲ ಹೊಲಿದೆ.
ರೇಶನ್ ಅಂಗಡಿಯ ಸಾಲಿನಲ್ಲಿ ನಿಂತರೆ
ಬಾರದ ಆರು ಮಕ್ಕಳು ನನ್ನ ತೋಳಿನಲ್ಲಿ ನೇತಾಡುತ್ತಾರೆ,
ಮೂರು ಕಿಲೋ ಅಕ್ಕಿಯ ಭಾರಕ್ಕೆ.

ಆಟಿಯ ಎರಡು ಪುಟ ಮಾಡು ಸೋರಿ ಹೋಯಿತು.
ಅಲ್ಲಿ ಯಾರೋ ಒಬ್ಬರು
ಹೆಸರಿಲ್ಲದೆ, ಎದೆಯಿಲ್ಲದೆ
ಬರೇ ತೋಳು ಹದಿನೇಳೂವರೆಯಾಗಿ ಉಳಿದಿದ್ದಾರೆ.
ಎಷ್ಟು ಯೋಚಿಸಿದರೂ ಮುಖ ಬರುವುದಿಲ್ಲ.

ಬೇಳದ ಗ್ರೆಟ್ಟಾ ಕ್ರಾಸ್ತಾ.
ಮಂಗಳೂರಿನ ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ರವಕೆ.
ಟೇಪು ಸುತ್ತುವಾಗ ಅವಳು ಫ್ಯಾನು ನೋಡಿದಳು, ನಾನು ಅಂಕೆ ನೋಡಿದೆ.
ಎಡಕ್ಕೆ ಒಳಜೇಬು, ಹತ್ತಿ ಇಡಲು, ಎಂದು ಬರೆದಿದ್ದೇನೆ,
ಆ ಸಾಲು ಮಾತ್ರ ಸಣ್ಣ ಅಕ್ಷರದಲ್ಲಿ,
ಪುಸ್ತಕಕ್ಕೂ ಕೇಳಬಾರದ ಹಾಗೆ.
ಮೊನ್ನೆ ಅದೇ ರವಕೆ ಹಿಡಿದು ಬಂದು ಬೈದಳು,
ಎಂಥ ಹೊಲಿದದ್ದು ಮಾರಾಯ್ತಿ, ಉಸಿರು ಕಟ್ಟುತ್ತದೆ!
ಹೊಲಿಗೆ ಸರಿಯೇ ಉಂಟು.
ಮೈ ತುಂಬಿದೆ, ಅವಳಿಗೆ ಅದು ಗೊತ್ತೂ ಉಂಟು.
ಈ ವರ್ಷ ನಾನು ತಿಂದ ಬೈಗುಳದಲ್ಲಿ
ಅಷ್ಟು ರುಚಿಯದ್ದು ಬೇರೆ ಇಲ್ಲ.

ಹಿಂದೆ ಮುಂದೆ ತಿರುವಿದೆ. ನಾನೇ ಇಲ್ಲ.
ಇರುವುದಾದರೂ ಹೇಗೆ?
ಹಳೆಯ ರವಕೆ ಬಟ್ಟೆಯ ಮೇಲಿಟ್ಟು
ಅದರ ಅಂಚಿಗೇ ಕತ್ತರಿ ನಡೆಸುವವಳು,
ಹನ್ನೊಂದು ವರ್ಷದಿಂದ.
ಅವರು ಹೋದ ವರ್ಷದ ಅಳತೆ ಅದು.
ಬಿಗಿಯಾದಲ್ಲಿ ಉಸಿರು ಸಣ್ಣ ಮಾಡಿಕೊಂಡೆ,
ದೊಗಳೆಯಾದಲ್ಲಿ ಸೆರಗು ಹೊದ್ದೆ.

ಕದ ಹಾಕಿ, ಟೇಪು ಕೊರಳಿಂದ ಇಳಿಸಿ
ಒಂದು ತುದಿ ಹಲ್ಲಲ್ಲಿ ಕಚ್ಚಿ ನಿಂತೆ.
ಎದೆ. ಸೊಂಟ. ತೋಳು.
ನಮಿತಾಳ ಮೂರು ಗೆರೆಗೆ ಮೂರು ಅಂಕೆ ಬರೆದೆ.
ಅವಳು ಓದಿ ನಗಲಿ.

ಮೇಲಿನ ಪೇಟೆಯಲ್ಲಿ ಪಟಾಕಿ ಸುರುವಾಯಿತು.
ನಾಯಿ ಬಂದು ಮಿಶನ್ನಿನ ಕಾಲಡಿ ಮುದುಡಿತು.

ಬೆನ್ನಿನ ಅಗಲ ಒಬ್ಬಳ ಕೈಗೆ ಸಿಗುವುದಿಲ್ಲ.
ಅದಕ್ಕೊಂದು ಗೆರೆ ನಾನೇ ಎಳೆದು ಖಾಲಿ ಬಿಟ್ಟಿದ್ದೇನೆ.
ನಾಡಿದ್ದು ಗ್ರೆಟ್ಟಾ ಬರುತ್ತಾಳೆ, ಬದಿ ಬಿಚ್ಚಿಸಲು.
ಈ ತುದಿ ಸ್ವಲ್ಪ ಹಿಡಿ ಎನ್ನಬೇಕು.